ಪಾಯ ತೋಡುವ ಮೊದಲು ಟೇಪು ಹಿಡಿಯಿರಿ: ಸೆಟ್‌ಬ್ಯಾಕ್ ಅಳೆಯುವ ಸರಿಯಾದ ಕ್ರಮ

ಸಣ್ಣ ಊರುಗಳಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟಿಸುವವರು ಮೊದಲು ಮೇಸ್ತ್ರಿಯನ್ನು ಗೊತ್ತು ಮಾಡುತ್ತಾರೆ, ಆಮೇಲೆ ಗುದ್ದಲಿ ಪೂಜೆಗೆ ದಿನ ನೋಡುತ್ತಾರೆ. ಪುರಸಭೆ ನೆನಪಾಗುವುದು ನೋಟಿಸು ಬಾಗಿಲಿಗೆ ಬಂದ ಮೇಲೆ. ಪರವಾನಗಿಗೆ ನಕ್ಷೆ ಬರೆದುಕೊಡುವ ಕೆಲಸದಲ್ಲಿ ನಾನು ಕಂಡ ತಕರಾರುಗಳಲ್ಲಿ ಹೆಚ್ಚಿನವು ಸೆಟ್‌ಬ್ಯಾಕಿನವು, ಅಂದರೆ ಗಡಿಗೂ ಕಟ್ಟಡಕ್ಕೂ ನಡುವೆ ನಿಯಮದಂತೆ ಖಾಲಿ ಬಿಡಬೇಕಾದ ಜಾಗದವು. ದೊಡ್ಡ ಒತ್ತುವರಿಗಳೇನಲ್ಲ. ನಾಲ್ಕಿಂಚು, ಆರಿಂಚು, ಬಹಳವೆಂದರೆ ಒಂದಡಿ. ಅಷ್ಟಕ್ಕೇ ಅಕ್ಕಪಕ್ಕದವರು ಮಾತು ಬಿಟ್ಟಿದ್ದಾರೆ, ಮುಗಿದ ಮನೆಗೆ ಕಾಗದ ಸಿಗದೆ ವರ್ಷಗಟ್ಟಲೆ ಅಲೆದಿದ್ದಾರೆ. ಆ ನಾಲ್ಕಿಂಚು ಎಲ್ಲಿ ತಪ್ಪುತ್ತದೆ ಎನ್ನುವುದನ್ನೇ ಇಲ್ಲಿ ಹೆಚ್ಚು ಬಿಡಿಸಿ ಹೇಳುತ್ತೇನೆ.

ಮೊದಲು ಕಾಗದ

ಕ್ರಯಪತ್ರ, ಇ-ಖಾತಾ, ಋಣಭಾರ ಪತ್ರ, ಈ ಸಾಲಿನ ತೆರಿಗೆ ರಸೀದಿ. ನಾಲ್ಕನ್ನೂ ಮೇಜಿನ ಮೇಲೆ ಹರಡಿ, ಚಕ್ಕುಬಂದಿಯನ್ನು ಸಾಲುಸಾಲಾಗಿ ತಾಳೆ ನೋಡಿ. ಪುರಸಭೆ ವ್ಯಾಪ್ತಿಯಲ್ಲಿ ಅಧಿಕೃತ ಆಸ್ತಿಗೆ ಸಿಗುವ ಖಾತಾ ನಮೂನೆ-3. ನಿಮ್ಮ ಕೈಯಲ್ಲಿರುವುದು ಬೇರೆ ನಮೂನೆಯಾಗಿದ್ದರೆ ಮುಂದಿನ ಹೆಜ್ಜೆ ಇಡುವ ಮೊದಲು ಅದನ್ನೇ ವಿಚಾರಿಸಿಕೊಳ್ಳಿ. ಹಳೇ ಪೇಟೆಯ ಪತ್ರಗಳಲ್ಲಿ ಅಳತೆ ಗಜ, ಮೊಳ, ಅಂಕಣಗಳಲ್ಲಿ ಇರುವುದುಂಟು. ಗಜಕ್ಕೆ ಮೂರಡಿ, ಮೊಳಕ್ಕೆ ಒಂದೂವರೆ ಅಡಿ ಎಂದು ಲೆಕ್ಕ ಹಾಕಬಹುದು. ಅಂಕಣ ಮಾತ್ರ ಊರಿಂದೂರಿಗೆ ಬದಲಾಗುತ್ತದೆ, ಅದನ್ನು ಊಹೆಯಿಂದ ಅಡಿಗೆ ಇಳಿಸಬೇಡಿ. ಪತ್ರಕ್ಕೂ ಖಾತೆಗೂ ತಾಳೆಯಾಗದಿದ್ದರೆ ತಿದ್ದುಪಡಿ ಪತ್ರ ಮಾಡಿಸಿ. ಮನೆ ಎದ್ದ ಮೇಲೆ ಪಕ್ಕದವರು ಅದಕ್ಕೆ ಸಹಿ ಹಾಕಲು ಒಪ್ಪುವುದು ಅಪರೂಪ.

ವಲಯ ಮತ್ತು ರಸ್ತೆ

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರವಿರುವ ಊರುಗಳಿಗೆ ಮಹಾಯೋಜನೆ (ಮಾಸ್ಟರ್ ಪ್ಲಾನ್) ಇರುತ್ತದೆ. ಆ ನಕ್ಷೆಯಲ್ಲಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಬಳಕೆ, ಹಸಿರು ಉದ್ಯಾನ. ಮುಂದಿನ ಕೋಣೆಯನ್ನು ಅಂಗಡಿ ಮಾಡುವ ಆಸೆಯಿದ್ದರೆ ನಿಮ್ಮ ವಲಯದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಈಗಲೇ ಕೇಳಿ, ಶಟರ್ ಕೂರಿಸಿದ ಮೇಲೆ ಅಲ್ಲ.

ಬಣ್ಣ ನೋಡಿ ಎದ್ದುಬರಬೇಡಿ. ನಿಮ್ಮ ಮನೆ ಮುಂದಿನ ರಸ್ತೆಗೆ ಎಷ್ಟು ಅಗಲ ಬರೆದಿದ್ದಾರೆ ಎಂದೂ ನೋಡಿ. ಇವತ್ತು 20 ಅಡಿ ಇರುವ ರಸ್ತೆಯನ್ನು ಯೋಜನೆಯಲ್ಲಿ 12 ಮೀಟರ್ ಎಂದು ತೋರಿಸಿರಬಹುದು. ಆಗ ರಸ್ತೆಯ ನಡುಗೆರೆಯಿಂದ 6 ಮೀಟರ್, ಅಂದರೆ 19 ಅಡಿ 8 ಇಂಚು ರಸ್ತೆಯ ಪಾಲು. ಈಗ ನಡುಗೆರೆಯಿಂದ ನಿಮ್ಮ ಗಡಿಗೆ ಇರುವುದು ಹತ್ತೇ ಅಡಿ. ಉಳಿದ 9 ಅಡಿ 8 ಇಂಚು ನಿಮ್ಮ ನಿವೇಶನದೊಳಗಿಂದಲೇ ಹೋಗುತ್ತದೆ, ಮುಂಭಾಗದ ಸೆಟ್‌ಬ್ಯಾಕ್ ಶುರುವಾಗುವುದು ಅಲ್ಲಿಂದಾಚೆಗೆ.

ನಿವೇಶನ ಅಳೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ. ಇದಕ್ಕೆ ಒಂದು ಪೂರ್ತಿ ಬೆಳಗ್ಗೆ ಮೀಸಲಿಡಿ. ಅಕ್ಕಪಕ್ಕದ ಮನೆಯವರನ್ನು ಕರೆಯಿರಿ, ಅವರ ಕಣ್ಣೆದುರೇ ಅಳೆಯಿರಿ. ಬೇಕಾದದ್ದು ಉಕ್ಕಿನ ಟೇಪು. ಬಟ್ಟೆಯ ಟೇಪು ಎಳೆದಷ್ಟೂ ಹಿಗ್ಗುತ್ತದೆ, ನಾನು ಅದನ್ನು ಚೀಲದಲ್ಲೇ ಇಟ್ಟುಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಸುತ್ತು ಹಾಕಿ ಜಾಗದ ಅಳತೆ ಹೇಳುವ ಆ್ಯಪ್‌ಗಳನ್ನಂತೂ ಮನೆ ನಿವೇಶನಕ್ಕೆ ಬಳಸಲೇಬೇಡಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ಎರಡೆಕರೆ ಹೊಲಕ್ಕೆ ಅದು ನಡೆದೀತು, 30 ಅಡಿ ಅಗಲದ ಜಾಗಕ್ಕೆ ನಡೆಯದು.

ನಾಲ್ಕು ಬದಿ ಅಳೆದರೆ ಕೆಲಸ ಮುಗಿಯಲಿಲ್ಲ. ಮೂಲೆಯಿಂದ ಮೂಲೆಗೆ ಕರ್ಣ ಹಿಡಿಯಿರಿ, ಎರಡನ್ನೂ. 30×40 ನಿವೇಶನ ಮೂಲೆಮಟ್ಟದಲ್ಲಿದ್ದರೆ ಎರಡು ಕರ್ಣಗಳೂ ಸರಿಯಾಗಿ 50 ಅಡಿ ಬರಬೇಕು. ಒಮ್ಮೆ ಒಬ್ಬರ ಜಾಗದಲ್ಲಿ ಬದಿಗಳೆಲ್ಲ ಕರಾರುವಾಕ್ಕಾಗಿ 30, 40 ಬಂದವು. ಮೇಸ್ತ್ರಿ ಟೇಪು ಸುತ್ತತೊಡಗಿದ್ದರು. ತಡೆದು ಕರ್ಣ ಹಿಡಿಸಿದೆ. ಒಂದು 50 ಅಡಿ 8 ಇಂಚು, ಇನ್ನೊಂದು 49 ಅಡಿ 4 ಇಂಚು. ಜಾಗ ಓರೆಯಾಗಿತ್ತು. ಮುಂದಿನ ಗಡಿಗೆ ಮೂಲೆಮಟ್ಟ ಹಿಡಿದು ಕಟ್ಟಿದ್ದರೆ, 33 ಅಡಿ ಉದ್ದದ ಆ ಮನೆ ಹಿಂದಿನ ಮೂಲೆ ಮುಟ್ಟುವ ಹೊತ್ತಿಗೆ ಒಂದು ಬದಿಯ ಸೆಟ್‌ಬ್ಯಾಕ್‌ನಲ್ಲಿ ಹನ್ನೊಂದು ಇಂಚು ಕರಗಿಹೋಗುತ್ತಿತ್ತು. ಇಂಥ ಜಾಗದಲ್ಲಿ ಗೋಡೆ ನೇರವಾಗಿಯೇ ಇರಲಿ, ಆದರೆ ಸೆಟ್‌ಬ್ಯಾಕನ್ನು ಅತಿ ಇಕ್ಕಟ್ಟಾದ ಮೂಲೆಯಿಂದ ಲೆಕ್ಕ ಹಾಕಿ.

ಅಳತೆ ಎಲ್ಲಿಂದ ಶುರು? ನಿಮ್ಮ ಗಡಿಯಿಂದ. ಚರಂಡಿಯ ಅಂಚಿನಿಂದಲ್ಲ, ಚರಂಡಿಯ ನಡುವಿನಿಂದಲೂ ಅಲ್ಲ. ಚರಂಡಿ ಪುರಸಭೆಯದು. ಕಾಂಪೌಂಡ್ ನಿಮ್ಮ ಜಾಗದಲ್ಲೇ ಕಟ್ಟಿದ್ದಾದರೆ ಅದರ ಹೊರಮೈ ಗಡಿ. ಉಭಯತ್ರರಿಗೂ ಸೇರಿದ ಗೋಡೆಯಾಗಿದ್ದರೆ ಪತ್ರದಲ್ಲಿ ಏನು ಬರೆದಿದೆ ಎಂದು ಓದಿ, ಬರೆದಿಲ್ಲದಿದ್ದರೆ ಪಕ್ಕದವರೊಂದಿಗೆ ಮಾತಾಡಿ ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಇನ್ನು ಆ ನಾಲ್ಕಿಂಚಿನ ವಿಷಯ. ಕಟ್ಟಡ ನಿಯಮಗಳ ಕೋಷ್ಟಕ ಮೀಟರಿನಲ್ಲಿರುತ್ತದೆ, ಮೇಸ್ತ್ರಿ ಕೆಲಸ ಮಾಡುವುದು ಅಡಿಯಲ್ಲಿ. ನಿವೇಶನದ ಅಳತೆಗೆ ತಕ್ಕಂತೆ ಸೆಟ್‌ಬ್ಯಾಕ್ ಬದಲಾಗುತ್ತದೆ, ನಿಮಗೆ ಅನ್ವಯಿಸುವ ಸಾಲನ್ನು ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ. 1 ಮೀಟರ್ ಎಂದಿದೆ ಎನ್ನೋಣ. ಮೇಸ್ತ್ರಿ ಮೂರಡಿ ಬಿಡುತ್ತಾರೆ. ಒಂದು ಮೀಟರ್ ಎಂದರೆ 3 ಅಡಿ 3 ಇಂಚು, ಮೇಲೊಂದಿಷ್ಟು. ಅಲ್ಲಿಗೆ ಮೂರಿಂಚು ಹೋಯಿತು. ಗೋಡೆ ಎದ್ದ ಮೇಲೆ ಹೊರಗಿನ ಗಾರೆ ಮುಕ್ಕಾಲು ಇಂಚು ತಿನ್ನುತ್ತದೆ. ಒಟ್ಟು ನಾಲ್ಕಿಂಚು ಕಡಿಮೆ. ಯಾರೂ ಮೋಸ ಮಾಡಲಿಲ್ಲ, ಆದರೂ ಮನೆ ನಕ್ಷೆಯಂತಿಲ್ಲ. ನನ್ನ ನಕ್ಷೆಗಳಲ್ಲಿ 1 ಮೀಟರ್ ಇರುವ ಕಡೆ ಮೂರೂವರೆ ಅಡಿಗೆ ಒಂದು ಕೂದಲೆಳೆಯೂ ಕಡಿಮೆ ಬಿಡಲು ನಾನು ಒಪ್ಪುವುದಿಲ್ಲ. ಎರಡಿಂಚು ಕೋಣೆ ಚಿಕ್ಕದಾದರೆ ಮಂಚ ಹಾಕಲು ತೊಂದರೆಯಿಲ್ಲ.

ಅರ್ಜಿ

ನೋಂದಾಯಿತ ಎಂಜಿನಿಯರ್ ಮೂಲಕ ನಕ್ಷೆ ಸಲ್ಲಿಸಿ, ಸಕಾಲ ಸ್ವೀಕೃತಿ ಪಡೆಯಿರಿ. ಅದರಲ್ಲಿರುವ 15 ಅಂಕಿಯ ಜಿಎಸ್‌ಸಿ ಸಂಖ್ಯೆಯಿಂದ ಅರ್ಜಿ ಎಲ್ಲಿ ನಿಂತಿದೆ ಎಂದು ನೋಡಬಹುದು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ನಕ್ಷೆ ಬೇಡ. ಅದು ಯಾವುದೋ ಚೌಕ ಜಾಗಕ್ಕೆ ಬರೆದದ್ದು, ನಿಮ್ಮ ಓರೆ ಮೂಲೆ ಅದಕ್ಕೆ ಗೊತ್ತಿಲ್ಲ. ಸುಣ್ಣಬಣ್ಣ, ಗಾರೆ, ನೆಲಹಾಸು, ಒಡೆದ ಹಂಚು ಬದಲಿಸುವಂಥ ದುರಸ್ತಿಗೆ ಸಾಮಾನ್ಯವಾಗಿ ಪರವಾನಗಿ ಬೇಕಿಲ್ಲ. ಗೋಡೆ ಜರುಗಿಸುವುದು, ಹಂಚಿನ ಮಾಡು ತೆಗೆದು ಆರ್‌ಸಿಸಿ ಹಾಕುವುದು ದುರಸ್ತಿಯಲ್ಲ, ಅದಕ್ಕೆ ಬೇಕು.

ಮಾರ್ಕಿಂಗ್

ಸುಣ್ಣದ ಪುಡಿ ಚೆಲ್ಲುವ ದಿನ ನೀವೇ ಎದುರು ನಿಲ್ಲಿ. ಮೊದಲ ದಾರ ಗಾರೆಯ ಹೊರಮೈಗೆ. ಅದರಿಂದ ಮುಕ್ಕಾಲು ಇಂಚು ಒಳಗೆ ಗೋಡೆ, ಅಲ್ಲಿಂದ ಗೋಡೆಯ ನಡುಗೆರೆ. ಮೇಸ್ತ್ರಿಗಳು ನೇರ ನಡುಗೆರೆಯಿಂದ ಶುರು ಮಾಡುತ್ತಾರೆ, ಆಗ ಅರ್ಧ ಗೋಡೆಯ ದಪ್ಪ ಸೆಟ್‌ಬ್ಯಾಕ್‌ಗೆ ನುಗ್ಗಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಮೂಲೆಗೆ 6, 8, 10 ಅಡಿಯ ತ್ರಿಕೋನ ಹಿಡಿಯಿರಿ. ಗೂಟ ಪಾಯದ ಗುಂಡಿಯ ಪಕ್ಕದಲ್ಲೇ ಇದ್ದರೆ ಅಗೆಯುವಾಗ ಮಣ್ಣಿನ ಜೊತೆ ಅದೂ ಹೋಗುತ್ತದೆ. ಕಾಂಪೌಂಡ್ ಗೋಡೆಗೆ ಮೊಳೆ ಹೊಡೆದು ಕೆಂಪು ಬಣ್ಣದಲ್ಲಿ ಗುರುತು ಮಾಡಿಸಿ, ಟೇಪು ಹಿಡಿದೇ ಫೋಟೊ ತೆಗೆದಿಡಿ. ಪಕ್ಕದ್ದು ಹಳೇ ಮಣ್ಣಿನ ಗೋಡೆಯಾದರೆ ಮಳೆಗಾಲದಲ್ಲಿ ಆ ಬದಿ ತೋಡಬೇಡಿ. ಬೇಸಿಗೆಯಲ್ಲೂ ಉದ್ದಕ್ಕೆ ಒಂದೇ ಸಲ ತೆಗೆಯದೆ, ತುಂಡು ತುಂಡಾಗಿ ತೋಡಿ ತುಂಬಿಸುತ್ತಾ ಹೋಗಿ.

ಮೇಲಿನ ಅಂತಸ್ತು ಬಂದಾಗ ಮತ್ತೊಮ್ಮೆ ಅಳೆಯಿರಿ. ಸಜ್ಜಾ, ಬಾಲ್ಕನಿ ಎಷ್ಟು ಚಾಚಬಹುದೆಂದು ನಕ್ಷೆಯಲ್ಲಿರುತ್ತದೆ. ಅಂಚಿನಿಂದ ತೂಕದ ಗುಂಡು ಇಳಿಬಿಟ್ಟು ನೆಲದಲ್ಲಿ ಗಡಿಗೆ ಅಳೆದರೆ ನಿಜ ಗೊತ್ತಾಗುತ್ತದೆ. ಬೀದಿಯ ಕಡೆ ವಿದ್ಯುತ್ ತಂತಿ ಇದ್ದರೆ ಇದು ಜೀವದ ಪ್ರಶ್ನೆ. 11 ಕೆ.ವಿ. ತಂತಿಗೂ ಕಟ್ಟಡದ ಯಾವುದೇ ಭಾಗಕ್ಕೂ ಅಡ್ಡಡ್ಡ 1.2 ಮೀಟರ್, ಮೇಲ್ಗಡೆ 3.7 ಮೀಟರ್ ಅಂತರ ಕಡ್ಡಾಯ. ಬಾಲ್ಕನಿಯಲ್ಲಿ ನಿಂತು ಬಟ್ಟೆ ಒಣಹಾಕುವವರ ಕೈಯಳತೆಯನ್ನು ಕಣ್ಣೆದುರು ತಂದುಕೊಂಡು ಆ ಅಂತರ ಬಿಡಿ.

ಮುಗಿದ ಮೇಲೆ

ಮಾಳಿಗೆಯ ಮಳೆನೀರು ನಿಮ್ಮ ಜಾಗದೊಳಗೇ ಬೀಳುವಂತೆ ಪೈಪು ತಿರುಗಿಸಿ, ಒಳಚರಂಡಿಗೆ ಬಿಡಬೇಡಿ. ಸೆಟ್‌ಬ್ಯಾಕ್‌ನಲ್ಲಿ ಶೀಟು ಇಳಿಸಿ ಸೌದೆ ಮನೆ ಮಾಡಬೇಡಿ. ಗೋಡೆಯ ಹೊರಮೈಯ ಬಿರುಕು ಮುಚ್ಚಲು, ಬುಡಕ್ಕೆ ಗೆದ್ದಲು ಹತ್ತಿದೆಯೇ ನೋಡಲು ಮನುಷ್ಯ ಅಲ್ಲಿ ಏಣಿ ಹಾಕಿಕೊಂಡು ನಿಲ್ಲಬೇಕು.

ಪೂರ್ಣಗೊಂಡ ಪ್ರಮಾಣಪತ್ರಕ್ಕೆ ತಡಮಾಡದೆ ಅರ್ಜಿ ಹಾಕಿ. ಆ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಂತರ ಖಾತೆಯಲ್ಲಿ ಹೊಸ ಕಟ್ಟಡದ ಚದರಡಿ ಸೇರಿಸಿ, ಸ್ವಯಂ ಘೋಷಣೆಯ ತೆರಿಗೆಯಲ್ಲೂ ಅದನ್ನೇ ತೋರಿಸಿ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ.