ಗಣಿತ, ವಿಜ್ಞಾನದ ನೋಟ್‌ಬುಕ್ಕಲ್ಲೂ ಒಳ್ಳೆ ಬರವಣಿಗೆ ಕಲಿಸುವುದು ಹೇಗೆ?

ಬರವಣಿಗೆ ಕಲಿಸುವುದು ಭಾಷಾ ಪಿರಿಯಡ್‌ನ ಕೆಲಸ ಅಂತ ಬಿಟ್ಟುಬಿಡಬೇಡಿ. ಮಕ್ಕಳು ಎಲ್ಲ ವಿಷಯಗಳಲ್ಲೂ ಬರೆಯುತ್ತಾರೆ, ಅಲ್ವಾ?

1980ರ ದಶಕದಲ್ಲಿ ಅಮೆರಿಕದ ಶಿಕ್ಷಕರು ಬರವಣಿಗೆಯನ್ನು ಆರು ಗುಣಗಳಾಗಿ ಬಿಡಿಸಿ ನೋಡಿದರು: ವಿಚಾರ, ಜೋಡಣೆ, ಬರೆಯುವವರ ದನಿ, ಪದಗಳ ಆಯ್ಕೆ, ವಾಕ್ಯಗಳ ಓಟ, ಕಾಗುಣಿತ-ವ್ಯಾಕರಣ. ಆರನ್ನೂ ಒಟ್ಟಿಗೆ ಹೇಳಿದರೆ ಮಕ್ಕಳ ತಲೆಗೆ ಹತ್ತುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಹಿಡಿಯಿರಿ, ಒಂದೆರಡು ವಾರ ಎಲ್ಲ ವಿಷಯಗಳಲ್ಲೂ ಅದನ್ನೇ ನೋಡಿ.

ವಿಚಾರದಿಂದ ಶುರು ಮಾಡಿ. ಬೀಜ ಮೊಳೆಯುವುದನ್ನು ನೋಡಿದ ಮಗು 'ಗಿಡ ಚೆನ್ನಾಗಿ ಬಂತು' ಅಂತ ಬರೆದರೆ ತಪ್ಪು ಅನ್ನಬೇಡಿ, 'ನಿನಗೆ ಏನು ಕಾಣಿಸಿತು?' ಅಂತ ಕೇಳಿ. 'ನಾಲ್ಕನೇ ದಿನ ಸಿಪ್ಪೆ ಒಡೆದು ಬಿಳಿ ಬೇರು ಕೆಳಗೆ ಇಳಿಯಿತು, ಎಲೆ ಇನ್ನೂ ಬಂದಿಲ್ಲ' ಅಂತ ಬಂತಾ? ಎರಡೂ ವಾಕ್ಯಗಳನ್ನು ಬೋರ್ಡ್ ಮೇಲೆ ಅಕ್ಕಪಕ್ಕ ಬರೆದು, ಯಾವುದನ್ನು ಓದಿದರೆ ಚಿತ್ರ ಬಿಡಿಸಬಹುದು ಅಂತ ಮಕ್ಕಳನ್ನೇ ಕೇಳಿ. ಉದ್ದ ಭಾಷಣಕ್ಕಿಂತ ಇದರಿಂದ ಜಾಸ್ತಿ ಕಲಿಯುತ್ತಾರೆ.

ಜೋಡಣೆ ಕಲಿಸಲು ಗಣಿತವೇ ಒಳ್ಳೆ ಜಾಗ. ಮುಕ್ಕಾಲು ಅರ್ಧಕ್ಕಿಂತ ದೊಡ್ಡದು ಯಾಕೆ ಅಂತ 'ಮೊದಲು', 'ಆಮೇಲೆ', 'ಆದ್ದರಿಂದ' ಬಳಸಿ ಮೂರು ವಾಕ್ಯ ಬರೆಸಿ, ಪಕ್ಕದವರಿಗೆ ಓದಲು ಕೊಡಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲೇ ತಿದ್ದಬೇಕು. ವಾಕ್ಯಗಳ ಓಟಕ್ಕೆ ಜೋರಾಗಿ ಓದಿಸಿದರೆ ಸಾಕು. ದನಿ ಮಾತ್ರ ವಿಷಯ ನೋಡಿ ಬದಲಾಗಬೇಕು: 'ಅಬ್ಬಾ ಎಷ್ಟು ಚಂದ' ಪ್ರಯೋಗದ ವರದಿಗೆ ಬೇಡ, ಡೈರಿಗೆ ಇರಲಿ.

ಕಾಗುಣಿತ ಕೊನೆಗೆ. ಮೊದಲ ಕರಡಿನಲ್ಲೇ ಕೆಂಪು ಪೆನ್ನು ಆಡಿಸಿದರೆ, ಮಕ್ಕಳು ತಪ್ಪಾಗುವ ಭಯಕ್ಕೆ ಗೊತ್ತಿರುವ ನಾಲ್ಕು ಪದಗಳನ್ನೇ ಸುಮ್ನೆ ತಿರುಗಿಸಿ ಬರೆಯುತ್ತಾರೆ.