ಮೇಕೆಯ ಮಂಡಿ ಊತ: ನಾವು ಮರಿಗಳನ್ನು ಉಳಿಸಿಕೊಂಡ ಬಗೆ

ಮೇಕೆಯ ಮುಂಗಾಲಿನ ಮಂಡಿ ಊದಿದರೆ ಎಲ್ಲೋ ಏಟು ಬಿದ್ದಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ನಮ್ಮ ಸಾನೆನ್ ಎಂಬ ಹಾಲಿನ ತಳಿಯ ಮೇಕೆಗೆ ಗಾಯವೂ ಇರಲಿಲ್ಲ, ಜ್ವರವೂ ಇರಲಿಲ್ಲ. ಊತ ಮಾತ್ರ ಇಳಿಯಲೇ ಇಲ್ಲ. ಚಳಿಯ ಬೆಳಿಗ್ಗೆ ಏಳೋಕೆ ಒದ್ದಾಡುತ್ತಿತ್ತು. ಮೇವು ತಿನ್ನುವಾಗಲೂ ಮಂಡಿಯೂರಿಯೇ ಇರುತ್ತಿತ್ತು. ಊರಿ ಊರಿ ಅಲ್ಲಿನ ಕೂದಲು ಉದುರಿ, ಚರ್ಮ ದಡ್ಡುಗಟ್ಟಿತ್ತು.

ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗದಲ್ಲಿ. ಪುಲ್ಮನ್‌ನ ಲ್ಯಾಬಿಗೆ ರಕ್ತ ಕಳಿಸಿದೆವು. ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು (ಆಂಟಿಬಾಡಿ) ರಕ್ತದಲ್ಲಿ ಹುಡುಕುವ ಎಲಿಸಾ ಪರೀಕ್ಷೆಯಲ್ಲಿ ಸಿಎಇ, ಅಂದರೆ ಮೇಕೆಗಳ ಕೀಲು ಮತ್ತು ಮಿದುಳಿಗೆ ಊತ ತರುವ ರೋಗದ ವೈರಸ್ ಪಾಸಿಟಿವ್ ಬಂತು. ಇದೇ ರಾಜ್ಯದಲ್ಲಿ 1974ರಲ್ಲಿ ಪಶುರೋಗ ಸಂಶೋಧಕಿ ಲಿಂಡಾ ಕಾರ್ಕ್ ಮತ್ತು ಜೊತೆಗಾರರು ಮರಿಗಳ ಹಿಂಗಾಲು ಸೋತುಹೋಗುವ ಮಿದುಳು, ಬೆನ್ನುಹುರಿಯ ರೋಗವನ್ನು ವಿವರಿಸಿದ್ದರು. 1980ರಲ್ಲಿ ಕೀಲು ಊದಿದ ಮೇಕೆಯಿಂದ ವೈರಸ್ ಸಿಕ್ಕಿತು. ಎರಡಕ್ಕೂ ಮೂಲ ಒಂದೇ.

ಈ ವೈರಸ್ ಬಿಳಿ ರಕ್ತಕಣಗಳ ಒಳಗೇ ಸೇರಿಕೊಳ್ಳುತ್ತದೆ, ಸಾಯುವವರೆಗೂ ಬಿಡುವುದಿಲ್ಲ. ಲಸಿಕೆಯೂ ಇಲ್ಲ, ವಾಸಿ ಮಾಡುವ ಔಷಧಿಯೂ ಇಲ್ಲ. ಮನುಷ್ಯರಿಗೆ ಬರುವುದಿಲ್ಲ, ಅದೊಂದು ಸಮಾಧಾನ. ಹಿಂಡಿಗೆಲ್ಲ ಪರೀಕ್ಷೆ ಮಾಡಿಸಿದಾಗ ಚೆನ್ನಾಗಿ ಓಡಾಡುತ್ತಿದ್ದವೂ ಪಾಸಿಟಿವ್ ಬಂದವು. ಸೋಂಕಿದ್ದರೂ ಹೆಚ್ಚಿನವು ಏನೂ ತೋರಿಸುವುದಿಲ್ಲ. ನನಗೆ ಜಾಸ್ತಿ ದಿಗಿಲಾಗಿದ್ದು ಅದಕ್ಕೇ.

ಮುಖ್ಯವಾಗಿ ಹರಡುವುದು ಗಿಣ್ಣುಹಾಲು ಮತ್ತು ಹಾಲಿನಿಂದ. ಹಾಗಾಗಿ ಈಯುವ ಹೊತ್ತಿಗೆ ಪಕ್ಕದಲ್ಲೇ ಕಾದು ಕೂರುತ್ತೇವೆ. ಮರಿ ಬಿದ್ದ ತಕ್ಷಣ, ತಾಯಿ ನೆಕ್ಕುವ ಮೊದಲೇ ಎತ್ತಿಕೊಂಡು ಒರೆಸಿ ಬೇರೆ ಕಡೆ ಬಿಡುತ್ತೇವೆ. ತಾಯಿ ಕೂಗುವುದನ್ನು ಕೇಳೋದು ಕಷ್ಟ. ಆದರೂ ಬಿಡುವಂತಿಲ್ಲ.

ವೈರಸ್ ಸಾಯಬೇಕಾದರೆ ಗಿಣ್ಣುಹಾಲನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಒಂದು ಗಂಟೆ ಇಡಬೇಕು. 60 ದಾಟಿದರೆ ಗಟ್ಟಿಯಾಗುತ್ತದೆ. ಗಿಣ್ಣು ಮಾಡಿದವರಿಗೆ ಇದು ಗೊತ್ತೇ ಇದೆ, ಅಲ್ವಾ? ಅದರ ರೋಗನಿರೋಧಕ ಶಕ್ತಿಯೂ ಕೆಡುತ್ತದೆ. ನಾನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 57ಕ್ಕೆ ತಂದು, ಮೊದಲೇ ಬಿಸಿ ಮಾಡಿಟ್ಟ ಥರ್ಮಾಸ್‌ಗೆ ಹಾಕುತ್ತೇನೆ. ಗಂಟೆ ಕಳೆದ ಮೇಲೆ ಥರ್ಮಾಮೀಟರ್ ಇಟ್ಟು ನೋಡುತ್ತೇನೆ. 56ಕ್ಕಿಂತ ಕೆಳಗಿಳಿದಿದ್ದರೆ ಆ ಹಾಲು ಮರಿಗಿಲ್ಲ. ಇದಕ್ಕೇ ಒಳ್ಳೆಯ ಗಿಣ್ಣುಹಾಲನ್ನು ಮೊದಲೇ ಕಾಯಿಸಿ ಫ್ರೀಜರ್‌ನಲ್ಲಿ ಇಟ್ಟಿರುತ್ತೇವೆ. ಆಮೇಲೆ ಪಾಶ್ಚರೀಕರಿಸಿದ ಹಾಲು.

ಪಾಸಿಟಿವ್ ಇರುವವಕ್ಕೆ ಬೇರೆ ಕೊಟ್ಟಿಗೆ. ಹಾಲು ಕರೆಯುವುದೂ ಕೊನೆಗೆ. ಸೂಜಿ ಒಂದಕ್ಕೆ ಚುಚ್ಚಿದ್ದು ಇನ್ನೊಂದಕ್ಕಿಲ್ಲ. ಮಂಡಿ ಊದಿದ ಮೇಕೆಗೆ ದಪ್ಪ ಹುಲ್ಲುಹಾಸು ಹಾಕುತ್ತೇವೆ, ಗೊರಸು ಬೆಳೆಯಲು ಬಿಡದೆ ಕತ್ತರಿಸುತ್ತೇವೆ. ಡಾಕ್ಟರು ಬರೆದ ನೋವಿನ ಔಷಧಿಯೂ ಇದೆ.

ಮರಿಗಳ ರಕ್ತವನ್ನು ಆರು ತಿಂಗಳು ತುಂಬುವ ಮೊದಲು ಪರೀಕ್ಷಿಸಿದರೆ ಸುಮ್ನೆ ಗಾಬರಿ. ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳೇ ಪಾಸಿಟಿವ್ ತೋರಿಸಬಹುದು. ಇನ್ನೊಂದು ಕಡೆ, ಸೋಂಕು ತಗುಲಿ ಕೆಲವು ತಿಂಗಳಾದರೂ ನೆಗೆಟಿವ್ ಬರುವುದುಂಟು. ಅದಕ್ಕೇ ಹೊಸ ಮೇಕೆ ತಂದಾಗ ಮಾರುವವರ ಒಂದು ರಿಪೋರ್ಟ್ ನೋಡಿ ಹಿಂಡಿಗೆ ಸೇರಿಸುವುದಿಲ್ಲ. ಬೇರೆ ಕಟ್ಟಿ, ಕೆಲವು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿಯೇ ಒಳಗೆ ಬಿಡುತ್ತೇವೆ.