ಟೊಮೆಟೊ ಕ್ರೇಟಿನ ಲೈಬ್ರರಿ: ಬೀಗ ತೆಗೆದ ಮೇಲೆ ಆದದ್ದು

"ಬೀಗ ತೆಗೀರಿ ಮೇಡಂ, ಒಂದೇ ವರ್ಷದಲ್ಲಿ ಪುಸ್ತಕವೆಲ್ಲ ಊರೊಳಗೆ ಸೇರುತ್ತೆ. ಆಮೇಲೆ ಆಡಿಟ್‌ನವರಿಗೆ ನೀವೇ ಉತ್ತರ ಕೊಡಿ." ಶಾಲೆಯ ಪುಸ್ತಕದ ಬೀರು ಮಕ್ಕಳಿಗೆ ತೆರೆಯೋಣ ಅಂದದ್ದಕ್ಕೆ ಆಗಿನ ನಮ್ಮ ಹೆಡ್‌ಮಾಸ್ಟರ್ ಹೀಗಂದದ್ದು 2021ರ ಕೊನೆಯಲ್ಲಿ, ಕೊರೊನಾ ರಜೆ ಮುಗಿದು ಶಾಲೆ ತೆರೆದ ಹೊಸದರಲ್ಲಿ. ಅವರೀಗ ನಿವೃತ್ತರು. ಪುಸ್ತಕಗಳು ಇನ್ನೂ ಇವೆ. ಎಲ್ಲವೂ ಇಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಹಿರಿಯೂರು ಕಡೆಯ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಒಂದರಿಂದ ಏಳು, ನೂರಹತ್ತು ಚಿಲ್ಲರೆ ಮಕ್ಕಳು, ಐದು ಜನ ಶಿಕ್ಷಕರು. ಲೈಬ್ರರಿ ಅಂದರೆ ಆಫೀಸ್ ರೂಮಿನ ಗೋಡೆ ಬೀರು, ಅದರ ಬೀಗ, ಬೀಗದ ಕೈ ಹೆಡ್‌ಮಾಸ್ಟರ ಡ್ರಾಯರಿನಲ್ಲಿ. ನಿಮ್ಮಲ್ಲೂ ಹೆಚ್ಚುಕಮ್ಮಿ ಹೀಗೇ ಅಲ್ವಾ? ಅವರನ್ನು ಬೈದು ಪ್ರಯೋಜನವಿಲ್ಲ. ವರ್ಗವಾಗಿ ಹೋಗುವಾಗ ಚಾರ್ಜ್ ಕೊಡಬೇಕು, ದಾಸ್ತಾನು ವಹಿಯಲ್ಲಿ 640 ಅಂತಿದ್ದರೆ 640 ಎಣಿಸಿ ಒಪ್ಪಿಸಬೇಕು, ಎರಡು ಕಮ್ಮಿ ಬಿದ್ದರೂ ಕೈಯಿಂದ ಕಟ್ಟಬೇಕಾದೀತು ಅನ್ನೋ ಭಯ. ಆಗಸ್ಟ್ 12ಕ್ಕೆ, ಗ್ರಂಥಪಾಲಕರ ದಿನ, ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಫೋಟೊಗೆ ಹಾರ ಹಾಕುತ್ತೇವೆ, ಬೀರುವಿಗೆ ಬೀಗ ಹಾಕುತ್ತೇವೆ. ಪುಸ್ತಕ ಇರುವುದು ಬಳಸೋಕೆ ಅಂತ ಆ ಮನುಷ್ಯ 1931ರಲ್ಲೇ ಬರೆದಿಟ್ಟು ಹೋಗಿದ್ದಾರೆ.

ಕೊನೆಗೂ ಬೀಗ ತೆಗೆಸಿದೆ. ಕೆಳಗಿನ ಎರಡು ಖಾನೆಯಲ್ಲಿ ಪುಸ್ತಕದ ಬದಲು ಮಣ್ಣು ಇತ್ತು. ಗೋಡೆಯೊಳಗಿಂದ ಗೆದ್ದಲು ಬಂದು ತೊಂಬತ್ತರ ಹತ್ತಿರ ಪುಸ್ತಕ ಮುಗಿಸಿತ್ತು. ಬೈಂಡ್ ಮಾಡಿದ ಒಂದು ದಪ್ಪ ಪುಸ್ತಕ ಹೊರಗಿಂದ ಸರಿಯಾಗೇ ಕಾಣುತ್ತಿತ್ತು. ಎತ್ತಿದರೆ ರಟ್ಟು ಮಾತ್ರ ಕೈಗೆ ಬಂತು. ಬೀಗದೊಳಗೆ ಹೋದದ್ದಕ್ಕೆ ಯಾರೂ ಉತ್ತರ ಕೊಡಬೇಕಿಲ್ಲ, ಮಕ್ಕಳ ಕೈಗೆ ಕೊಟ್ಟು ಹೋದರೆ ಮಾತ್ರ ಉತ್ತರ ಕೊಡಬೇಕಾ ಅಂತ ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಸಭೆಯಲ್ಲಿ ಕೇಳಿದೆ. ಓದಿ ಹರಿದ, ಕಳೆದ ಪುಸ್ತಕವನ್ನು ವರ್ಷಕ್ಕೊಮ್ಮೆ ಪಟ್ಟಿ ಮಾಡಿ ಸಭೆಯ ಮುಂದಿಡುವುದು ಅಂತ ನಡಾವಳಿಯಲ್ಲಿ ಬರೆಸಿ ಸಹಿ ಹಾಕಿಸಿದೆ. ನೀವು ಶುರು ಮಾಡುವುದಾದರೆ ಈ ಕೆಲಸ ಮೊದಲು ಮುಗಿಸಿಕೊಳ್ಳಿ.

ಆಮೇಲೆ ಒಂದಾದ ಮೇಲೊಂದು ತಪ್ಪು ಮಾಡಿದೆ. ಮೊದಲು ರಿಜಿಸ್ಟರ್. ಏಳು ಕಾಲಂ, ತಡವಾದರೆ ಒಂದು ರೂಪಾಯಿ ದಂಡ. ಮೂರು ವಾರಕ್ಕೆ ಪುಸ್ತಕ ಒಯ್ಯುವವರೇ ನಿಂತುಹೋದರು. ಒಬ್ಬಳು ನಾಲ್ಕು ರೂಪಾಯಿ ದಂಡಕ್ಕೆ ಹೆದರಿ ಎರಡು ದಿನ ಶಾಲೆಗೇ ಬರಲಿಲ್ಲ ಅಂತ ಅವರಮ್ಮ ಬಂದು ಹೇಳಿದಾಗ ನನಗೆ ಮುಖ ಎತ್ತೋಕಾಗಲಿಲ್ಲ. ಆಮೇಲೆ, ಓದಿದ ಪುಸ್ತಕದ ಸಾರಾಂಶ ಬರೆದು ತನ್ನಿ ಅಂದೆ. ಎಲ್ಲರೂ ಹಿಂದಿನ ರಟ್ಟಿನಲ್ಲಿದ್ದದ್ದನ್ನು ಇಳಿಸಿಕೊಂಡು ಬಂದರು. ಆರನೇ ತರಗತಿಯ ಹುಡುಗನೊಬ್ಬ ಕೊನೆಯ ಸಾಲಿನಲ್ಲಿ "ಬೆಲೆ 35 ರೂಪಾಯಿ" ಅಂತಲೂ ಬರೆದಿದ್ದ. ಪ್ರಾಮಾಣಿಕ.

ಮೂರನೆಯದು ಹಗ್ಗ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಎಲ್ಲರೂ ಮಾಡ್ತಾರಲ್ಲ, ನೈಲಾನ್ ಹಗ್ಗ ಕಟ್ಟಿ ಅದರ ಮೇಲೆ ಪುಸ್ತಕ ನೇತುಹಾಕೋದು. ನಮ್ಮ ಕಡೆ ಗಾಳಿ ಗೊತ್ತಲ್ಲ, ಒಂದು ವಾರಕ್ಕೆ ಪಿನ್ ಕಿತ್ತು ನಡುವಿನ ಹಾಳೆಗಳೆಲ್ಲ ಅಂಗಳ ಸೇರಿದವು. ಬೇಸಿಗೆ ರಜೆಯಲ್ಲಿ ಕೂತು, ದೊಡ್ಡ ಲೈಬ್ರರಿಗಳಲ್ಲಿ ವಿಷಯವಾರು ಹಾಕುವ ಡ್ಯೂಯಿ ನಂಬರ್ ಹಾಕಿದ್ದೂ ಉಂಟು, ಹದಿನೈದು ದಿನದ ಕೆಲಸ, ನೂರಾರು ಚೀಟಿ. ರಜೆ ಮುಗಿದು ಬಂದ ಮೊದಲ ಮಗು ಕೇಳಿದ್ದು "ಮಿಸ್, ನಾಯಿ ಪುಸ್ತಕ ಎಲ್ಲಿ?"

ಕ್ರೇಟಿನ ವಿಚಾರ ಹೊಳೆದದ್ದು 2022ರ ಜೂನ್‌ನಲ್ಲಿ. ಮಕ್ಕಳ ಪುಸ್ತಕ ಬಹುಪಾಲು ಹದಿನಾರು, ಇಪ್ಪತ್ನಾಲ್ಕು ಪುಟದ್ದು, ಪಿನ್ ಹೊಡೆದದ್ದು. ಅದಕ್ಕೆ ಬೆನ್ನೇ ಇಲ್ಲ. ಬೀರುವಿನಲ್ಲಿ ನಿಲ್ಲಿಸಿದರೆ ಹೆಸರು ಕಾಣಲ್ಲ, ಒಂದರ ಮೇಲೊಂದು ಪೇರಿಸಿದರೆ ಕೆಳಗಿನದನ್ನು ಎಳೆಯುವಾಗ ಎಲ್ಲ ಬೀಳುತ್ತೆ. ಊರಲ್ಲಿ ಟೊಮೆಟೊ ಬೆಳೆಯುವ ಪೋಷಕರೊಬ್ಬರ ಮನೆ ಮುಂದೆ ಹಳೇ ಪ್ಲಾಸ್ಟಿಕ್ ಕ್ರೇಟ್ ಬಿದ್ದಿದ್ದವು. ಆರು ಕೇಳಿದೆ, ಒಂದಕ್ಕೆ ಎಪ್ಪತ್ತೋ ಎಂಬತ್ತೋ ಕೊಟ್ಟ ನೆನಪು. ತಳಕ್ಕೆ ಬಿಸಿಯೂಟದ ಅಕ್ಕಿ ಚೀಲ ಕತ್ತರಿಸಿ ಹಾಕಿ, ಮುಖಪುಟ ಮುಂದೆ ಬರುವ ಹಾಗೆ ನಿಲ್ಲಿಸಿದೆ. ಸೀರೆ ಅಂಗಡಿಯಲ್ಲಿ ಒಂದೊಂದೇ ಸರಿಸಿ ನೋಡಿದ ಹಾಗೆ ಮಕ್ಕಳು ಸರಿಸಿ ನೋಡ್ತಾರೆ, ಹಿಂದಿನದೂ ಮುಂದಿನದೂ ಬೀಳಲ್ಲ. ಮೂವತ್ತೈದು ನಲವತ್ತು ತೆಳು ಪುಸ್ತಕ ಹಿಡಿಯುತ್ತೆ. ಅದಕ್ಕಿಂತ ಜಾಸ್ತಿ ತುಂಬಬೇಡಿ, ಇಬ್ಬರು ಮಕ್ಕಳಿಗೆ ಎತ್ತೋಕಾಗಲ್ಲ.

ಕ್ರೇಟು ಲೈಬ್ರರಿ ರೂಮಿನಲ್ಲಿ ಇರಲ್ಲ. ತರಗತಿಯಲ್ಲೇ ಇರುತ್ತೆ. ನಲಿ-ಕಲಿಗೆ, ಅಂದರೆ ಒಟ್ಟಿಗೆ ಕೂರುವ ಒಂದರಿಂದ ಮೂರನೇ ತರಗತಿಗೆ, ಎರಡು; ನಾಲ್ಕರಿಂದ ಏಳಕ್ಕೆ ಒಂದೊಂದು. ಸೋಮವಾರ ಬಿಟ್ಟು ಸೋಮವಾರ ಅದಲುಬದಲು. ಶನಿವಾರದ ಲೈಬ್ರರಿ ಪೀರಿಯಡ್ಡನ್ನು ನಾನು ತೆಗೆದೇಬಿಟ್ಟೆ. ಅದು ಯಾವತ್ತೂ ನಡೆಯುತ್ತಿರಲಿಲ್ಲ, ಅವತ್ತೇ ಯಾವುದೋ ಮಾಹಿತಿ ತುರ್ತಾಗಿ ಅಪ್‌ಲೋಡ್ ಮಾಡಬೇಕಿರುತ್ತೆ. ಅದರ ಬದಲು, ಪಾಠ ಶುರು ಮಾಡುವ ಮುಂಚೆ ಆ ಪಾಠಕ್ಕೆ ತಾಗುವ ಐದಾರು ಪುಸ್ತಕ ಹುಡುಕಿ ಮೇಜಿನ ಮೇಲೆ ಇಡುತ್ತೇನೆ. ಬೋರ್ಡಿನ ಮೇಲೆ ಒಂದು ಪ್ರಶ್ನೆ. ಉತ್ತರ ಪಠ್ಯಪುಸ್ತಕದಲ್ಲಿ ಇರಬಾರದು, ಮೇಜಿನ ಮೇಲೆ ಎಲ್ಲೋ ಇರಬೇಕು. ಇದಕ್ಕೆ ನಾವು ಕಳ್ಳ ಪ್ರಶ್ನೆ ಅಂತೀವಿ.

"ಸಿಲಬಸ್ ಮುಗಿಸೋದು ಯಾವಾಗ ಮೇಡಂ?" ಅಂತ ಸಹೋದ್ಯೋಗಿಗಳು ನಕ್ಕರು. 2022ರ ಸೆಪ್ಟೆಂಬರ್‌ನಲ್ಲಿ, ವೇದಾವತಿ ನದಿಗೆ ಕಟ್ಟಿದ ನಮ್ಮ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟೆ ಕೋಡಿ ಬಿತ್ತು. ಊರಿಗೆ ಊರೇ ನೋಡೋಕೆ ಹೋಗಿತ್ತು. ನಾನು ಆ ವಾರದ ಪೇಪರ್‌ಗಳನ್ನೆಲ್ಲ ಕತ್ತರಿಸಿ ಒಂದು ಹಳೇ ನೋಟ್‌ಬುಕ್ಕಿಗೆ ಅಂಟಿಸಿ, ನದಿಗಳ ಪಾಠದ ದಿನ ಮೇಜಿನ ಮೇಲೆ ಇಟ್ಟೆ. ಪ್ರಶ್ನೆ: ಇದಕ್ಕೆ ಮುಂಚೆ ಕೋಡಿ ಬಿದ್ದದ್ದು ಯಾವ ವರ್ಷ, ಆಗ ನಿಮ್ಮ ಮನೆಯಲ್ಲಿ ಯಾರು ಹುಟ್ಟಿದ್ದರು? ಪೇಪರಿನಲ್ಲಿ 89 ವರ್ಷದ ನಂತರ ಅಂತಿತ್ತು. ಮಕ್ಕಳು ಕಳೆದು 1933 ಅಂದರು. ಅಣೆಕಟ್ಟೆ ಕಟ್ಟಿ ಮುಗಿದದ್ದು 1907 ಅಂತ ಇನ್ನೊಬ್ಬಳು ಬೇರೊಂದು ಪುಸ್ತಕದಲ್ಲಿ ಹುಡುಕಿದಳು. "ಹಂಗಾದ್ರೆ ಕಟ್ಟಿ 26 ವರ್ಷ ತುಂಬಲೇ ಇಲ್ವಾ ಮಿಸ್?" ಅಂತ ಹಿಂದಿನ ಬೆಂಚಿಂದ ಬಂತು. ನನಗೆ ಉತ್ತರ ಬರಲಿಲ್ಲ, ಬರಲ್ಲ ಅಂತಲೇ ಹೇಳಿದೆ. ಆ ಪಾಠಕ್ಕೆ ನಾಲ್ಕು ಪೀರಿಯಡ್ ಇಟ್ಟುಕೊಂಡಿದ್ದೆ, ಮೂರಕ್ಕೇ ಮುಗಿಯಿತು. ವೇದಾವತಿ ಎಲ್ಲಿ ಹುಟ್ಟುತ್ತೆ ಅಂತ ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಉಳಿದ ಕಳ್ಳ ಪ್ರಶ್ನೆಗಳು ನನ್ನ ಡೈರಿಯಲ್ಲಿವೆ, ಐವತ್ತರ ಮೇಲೆ. ಅವನ್ನು ಇಲ್ಲಿ ಬರೆಯಲ್ಲ, ನೀವೇ ಮಾಡಿಕೊಳ್ಳಿ, ಆಗಲೇ ನೀವೂ ಪುಸ್ತಕ ತೆರೆಯೋದು.

ಅಂದಹಾಗೆ ಪೇಪರಿನ ದುಡ್ಡಿಗೆ ಯಾರಾದರೂ ತಕರಾರು ತೆಗೆದರೆ 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಬಂಧ ತೋರಿಸಿ. ಶಾಲೆಯ ಲೈಬ್ರರಿಯಲ್ಲಿ ದಿನಪತ್ರಿಕೆ, ಮ್ಯಾಗಜೀನ್, ಕಥೆ ಪುಸ್ತಕ ಇರಬೇಕು ಅಂತ ಅದರಲ್ಲೇ ಇದೆ. ನಮ್ಮಲ್ಲಿ ಸಭೆಯಲ್ಲಿ ಜೋರಾಗಿ ಓದಿದ ಮೇಲೆ ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಒಂದು ವರ್ಷದ ಪೇಪರ್ ಬಿಲ್ ಒಪ್ಪಿಕೊಂಡರು.

ನಿಜವಾದ ತಲೆನೋವು ಓದೋಕೆ ಬಾರದ ದೊಡ್ಡ ಮಕ್ಕಳದ್ದು. ಕೊರೊನಾದ ಎರಡು ವರ್ಷ ನುಂಗಿದ ಬ್ಯಾಚು, ಆರನೇ ತರಗತಿಯಲ್ಲಿ ಒತ್ತಕ್ಷರ ಬಂದರೆ ನಿಂತುಬಿಡೋರು ಏಳೆಂಟು ಜನ ಇದ್ದರು. ನಾನು ಪುಸ್ತಕದ ಮೇಲೆ ತರಗತಿ ನಂಬರ್ ಅಂಟಿಸಿದ್ದೆ, ದಡ್ಡತನ. "2" ಅಂತ ಬರೆದ ಪುಸ್ತಕವನ್ನು ಆರನೇ ಕ್ಲಾಸಿನ ಹುಡುಗ ಎಲ್ಲರೆದುರು ಮುಟ್ಟುತ್ತಾನಾ? ಅವನು ದಪ್ಪ ಪುಸ್ತಕ ತಗೊಂಡು ಸುಮ್ನೆ ಪುಟ ತಿರುವುತ್ತಿದ್ದ. ನಂಬರೆಲ್ಲ ಕಿತ್ತೆ. ಕಿತ್ತರೂ ಅವರಿಗೆ ಗೊತ್ತು, ದೊಡ್ಡ ಅಕ್ಷರ ಅಂದರೆ ಸಣ್ಣವರದ್ದು.

ಆಗ ಅವರಿಗೇ ಕೆಲಸ ಕೊಟ್ಟೆ. ನಲಿ-ಕಲಿ ಮಕ್ಕಳಿಗೆ ಬುಧವಾರ ಊಟದ ನಂತರ ಕಥೆ ಓದಿ ಹೇಳಬೇಕು, ಅದಕ್ಕೆ ಸೋಮವಾರವೇ ಪುಸ್ತಕ ಒಯ್ದು ತಯಾರಾಗಬೇಕು. ಈಗ ಸಣ್ಣ ಪುಸ್ತಕ ಹಿಡಿದರೆ ಅವಮಾನ ಇಲ್ಲ, ಅದು ಡ್ಯೂಟಿ. ಒಬ್ಬ ಹುಡುಗ ಮೊದಲ ಬುಧವಾರ ಪುಸ್ತಕ ನೋಡದೆ ಬಾಯಿಗೆ ಬಂದದ್ದು ಹೇಳಿ ಮುಗಿಸಿದ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಪುಟದ ಮೇಲೆ ಬೆರಳಿಟ್ಟು "ಅಣ್ಣ, ಇಲ್ಲಿ 'ಕಪ್ಪೆ' ಅಂತಿದೆ, ನೀನು ಮೊಲ ಅಂತೀಯಲ್ಲ" ಅಂದುಬಿಟ್ಟಳು. ಅವನ ಕಿವಿ ಕೆಂಪಾಯಿತು. ಮುಂದಿನ ಮಂಗಳವಾರ ಸಂಜೆ ಅವನು ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ಬಂದು ಹನ್ನೆರಡು ಪುಟ ಎರಡು ಸಲ ಓದಿಸಿಕೊಂಡ. ಮಾರ್ಚ್ ಹೊತ್ತಿಗೆ ಆ ಏಳೆಂಟರಲ್ಲಿ ಐದು ಜನ ಪೇಪರಿನ ಹೆಡ್ಡಿಂಗ್ ತಡವರಿಸದೆ ಓದುತ್ತಿದ್ದರು. ಯಾರಿಗೆ ಯಾವ ಪುಸ್ತಕ ಕೊಡಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ, ಅದನ್ನು ನಮ್ಮ ಶಾಲೆಗೆ ಬಂದವರಿಗೆ ಮಾತ್ರ ತೋರಿಸೋದು. ಪಕ್ಕದ ನಾಲ್ಕು ಶಾಲೆಯವರು ಬಂದು ನೋಡಿದ್ದಾರೆ, ಮೊದಲು ನಕ್ಕವರೂ ಅದರಲ್ಲಿದ್ದರು.

ದುಡ್ಡಿನ ಲೆಕ್ಕ ಹೇಳಬೇಕು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಲೈಬ್ರರಿ ಅನುದಾನ 5,000ದಿಂದ 20,000ದವರೆಗೆ ಅಂತ ನಿಮಗೆಲ್ಲ ಗೊತ್ತು. ನಮಗೆ ಒಂದು ವರ್ಷ ಪುಸ್ತಕದ ಕಟ್ಟೇ ಬಂತು, ಅರ್ಧ ಮಕ್ಕಳು ಓದುವಂಥದ್ದಲ್ಲ. ನನ್ನ ಕೈಯಿಂದ ಮೂರು ವರ್ಷದಲ್ಲಿ ಏಳೆಂಟು ಸಾವಿರ ಹೋಗಿರಬಹುದು, ಮನೆಯಲ್ಲಿ ಐದು ಅಂತ ಹೇಳಿದ್ದೇನೆ. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕ. ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ಹಾಕಿಕೊಳ್ಳೋಕೂ ಅಡ್ಡಿಯಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪು ಪ್ರಿಂಟ್ ಹಾಕಿಸಿದೆ, ಮಕ್ಕಳೇ ಬಣ್ಣ ತುಂಬಿದರು. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಬದಲು ಪುಸ್ತಕ ತನ್ನಿ ಅಂದದ್ದು ಮಾತ್ರ ಕೆಟ್ಟ ವಿಚಾರ. ತರೋಕಾಗದ ಮಕ್ಕಳು ಹುಟ್ಟುಹಬ್ಬದ ದಿನ ರಜೆ ಹಾಕತೊಡಗಿದರು. ನಿಲ್ಲಿಸಿದೆ.

ಹರಿದದ್ದಕ್ಕೆ ಮೈದಾ ಅಂಟು. ಬರೀ ಮೈದಾ ಆದರೆ ಜಿರಲೆ, ಇಲಿ ಎರಡಕ್ಕೂ ಹಬ್ಬ, ನಮ್ಮಲ್ಲಿ ಹನ್ನೆರಡು ಪುಸ್ತಕದ ಬೆನ್ನು ಹೋಯಿತು. ಬೈಂಡಿಂಗ್‌ನವರು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಾರೆ, ನಾನೂ ಹಾಕಿದೆ, ನಿಂತಿತು. ಅದು ವಿಷ. ಆ ಅಂಟಿನ ಕೆಲಸ ಮಕ್ಕಳ ಕೈಗೆ ಕೊಡಬೇಡಿ, ಬಿಸಿಯೂಟದ ಪಾತ್ರೆಯಂತೂ ಮುಟ್ಟಲೇಬೇಡಿ.

ಈ ಮೂರು ವರ್ಷದಲ್ಲಿ ಕಳೆದದ್ದು ಅರವತ್ತು ಚಿಲ್ಲರೆ, ಅದರಲ್ಲಿ ಇಪ್ಪತ್ತರ ಹತ್ತಿರ ದಸರಾ ರಜೆ ಮುಗಿದ ಮೇಲೆ ತಾವಾಗೇ ಕ್ರೇಟಿಗೆ ಬಂದವು. ಯಾರು ತಂದಿಟ್ಟರು ಅಂತ ಕೇಳಲಿಲ್ಲ. ರಿಜಿಸ್ಟರ್ ಈಗ ಏಳನೇ ತರಗತಿಯ ಇಬ್ಬರು ಹುಡುಗಿಯರದ್ದು, ಎರಡೇ ಕಾಲಂ, ಹೆಸರು ಮತ್ತು ಪುಸ್ತಕ. ಕ್ರೇಟುಗಳಿಗೆ ಹೆಸರೂ ಅವರೇ ಇಟ್ಟಿದ್ದಾರೆ: ನಗು, ದೆವ್ವ, ಪ್ರಾಣಿ, ಮೆಷಿನ್ನು, ಊರು, ಸಣ್ಣೋರು. ದೆವ್ವದ ಕ್ರೇಟಿನ ಹಿಡಿ ಎರಡು ಸಲ ಮುರಿದಿದೆ.

ಗಣಿತಕ್ಕೆ ಮಾತ್ರ ದಾರಿ ಸಿಕ್ಕಿಲ್ಲ. ಗಣಿತದ ಮೇಷ್ಟ್ರು ಇವತ್ತಿಗೂ ಕ್ರೇಟಿನ ಮೇಲೆ ಹಾಜರಿ ಪುಸ್ತಕ ಇಟ್ಟು ಪಾಠ ಮಾಡುತ್ತಾರೆ. ಭಿನ್ನರಾಶಿಗೆ ಕಥೆ ಪುಸ್ತಕ ಹಿಡಿದು ಪಾಠ ಮಾಡಿದವರು ಯಾರಾದರೂ ಇದ್ದರೆ ಹೇಳಿ, ಮೊದಲು ನಮ್ಮ ಮೇಷ್ಟ್ರಿಗೇ ತೋರಿಸಬೇಕು.